ಕೀಲೆಣ್ಣೆಯಿಂದ ಗ್ರೀಸ್ ಡಬ್ಬಿವರೆಗೆ: ಟ್ರೇಲರ್ ಕೊಂಡಿಯ ಕಥೆ

ಕಬ್ಬು ಕಡಿಯುವ ಕಾಲ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಹೋಗುವುದನ್ನು ದಿನವೂ ನೋಡುತ್ತೇವೆ. ನಮ್ಮ ಕಣ್ಣು ಹೋಗುವುದು ಹೇರಿದ ಕಬ್ಬಿನ ಮೇಲೆ, ಟೈರಿನ ಮೇಲೆ, ಜೋರಾಗಿ ಹಾಡು ಹಾಕಿಕೊಂಡು ಕೂತ ಡ್ರೈವರ್ ಮೇಲೆ. ಇಷ್ಟು ಭಾರವನ್ನು ಹಿಡಿದಿಟ್ಟಿರುವುದು ಮಾತ್ರ ಒಂದು ಮುಷ್ಟಿಯಷ್ಟು ಕಬ್ಬಿಣ: ಒಂದು ಬಳೆ, ಒಂದು ಪಿನ್ನು, ಆ ಪಿನ್ನು ಮೇಲೆದ್ದು ಬರದಂತೆ ಒಂದು ಸಣ್ಣ ಕ್ಲಿಪ್ಪು.

ಈ ಕೊಂಡಿಗೆ ಗ್ರೀಸ್ ಹಚ್ಚುವುದು ಹತ್ತು ನಿಮಿಷದ ಕೆಲಸ. ಆದರೆ ಟ್ರ್ಯಾಕ್ಟರ್ ತೊಳೆದು ಹೂವಿನ ಹಾರ ಹಾಕುವವರೂ ಕೊಂಡಿಯ ಕಡೆ ಬಗ್ಗಿ ನೋಡುವುದು ಕಡಿಮೆ. ಒಂದು ವಾಹನಕ್ಕೆ ಇನ್ನೊಂದನ್ನು ಕಟ್ಟಿ ಎಳೆಯುವುದನ್ನು ಮನುಷ್ಯ ಹೇಗೆ ಕಲಿತ, ಆ ಕೀಲು ಸವೆಯದಂತೆ ಏನೇನು ಹಚ್ಚಿದ, ಕಲಿಯುವ ಹೊತ್ತಿಗೆ ಎಷ್ಟು ಜನ ಕೈಬೆರಳು ಕಳೆದುಕೊಂಡರು ಎಂಬುದಕ್ಕೆ ಒಂದು ದೊಡ್ಡ ಕಥೆಯೇ ಇದೆ. ಅದು ತಿಳಿದರೆ ಗ್ರೀಸ್ ಡಬ್ಬಿಗೂ ಸ್ವಲ್ಪ ಮರ್ಯಾದೆ ಬರುತ್ತದೆ.

ಕೀಲೆಣ್ಣೆ ಬಲ್ಲವರು ನಾವು

ಗ್ರೀಸ್ ಎಂಬ ಮಾತು ನಮಗೆ ಹೊಸದಿರಬಹುದು, ಕೆಲಸ ಹೊಸದಲ್ಲ. ಎತ್ತಿನ ಗಾಡಿ ಇದ್ದ ಮನೆಯಲ್ಲೆಲ್ಲ ಕೀಲೆಣ್ಣೆ ಇರುತ್ತಿತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಅರೆದು ಬೆರೆಸಿದರೆ ಕಪ್ಪಗೆ, ಗಟ್ಟಿಯಾಗಿ, ಅಂಟಂಟಾಗಿ ಬರುತ್ತಿತ್ತು. ಗಾಡಿ ದೂರ ಹೊರಟರೆ ಅದನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತಿದ್ದರು. ಗಾಲಿ ಕಿರ್ರೆನ್ನಲು ಶುರುವಾದರೆ ಗಾಡಿ ನಿಲ್ಲಿಸಿ, ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಹೊರಗೆಳೆದು ಅಚ್ಚಿಗೆ ಎಣ್ಣೆ ಬಳಿದು ಮತ್ತೆ ಮುಂದಕ್ಕೆ.

ಇದರಲ್ಲಿ ಎರಡು ಜಾಣತನ ಇವೆ. ಮೊದಲನೆಯದು ಹರಳೆಣ್ಣೆಯ ಆಯ್ಕೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳಿಗಿಂತ ಹರಳೆಣ್ಣೆ ಮಂದ. ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಭಾರ ಬಿದ್ದರೂ ಬೇಗ ಜಾರಿ ಹೋಗುವುದಿಲ್ಲ. ಎರಡನೆಯದು ಕರಿ ಬೆರೆಸಿದ್ದು. ಬರೀ ಎಣ್ಣೆ ಹಾಕಿದರೆ ಒಂದೆರಡು ಹರದಾರಿ ಹೋಗುವಷ್ಟರಲ್ಲಿ ಸೋರಿ ಹೋಗುತ್ತದೆ. ಕರಿ ಸೇರಿದರೆ ಎಣ್ಣೆ ಗಟ್ಟಿಯಾಗಿ ಇದ್ದಲ್ಲೇ ನಿಲ್ಲುತ್ತದೆ. ಇಂದಿನ ಗ್ರೀಸಿನ ತತ್ವವೂ ಇದೇ: ಜಾರಿಸುವ ಎಣ್ಣೆ ಒಂದು, ಅದನ್ನು ಹಿಡಿದಿಡುವ ಪದಾರ್ಥ ಇನ್ನೊಂದು.

ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಹಳಗನ್ನಡದಲ್ಲಿ ಕಡೆಗೀಲು ಎನ್ನುತ್ತಿದ್ದರು. ವಚನಕಾರ ಜೇಡರ ದಾಸಿಮಯ್ಯ ಅದನ್ನೇ ಉಪಮೆ ಮಾಡಿಕೊಂಡು ವಚನ ಕಟ್ಟಿದ್ದಾನೆ. ಇಡೀ ಬಂಡಿಯ ಭಾರ ಒಂದು ಸಣ್ಣ ಕೀಲಿನ ಮೇಲೆ ನಿಂತಿದೆ ಎಂಬುದು ಆಗಿನ ಜನಕ್ಕೆ ವಿವರಿಸಿ ಹೇಳಬೇಕಾದ ಮಾತಾಗಿರಲಿಲ್ಲ.

ಹಾಗಂತ ಹಳೆಯ ಗಾಡಿಯಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಯವರಿಗೆ ಗಾಡಿ ಯಾಕೆ ಎಂದು ನಕ್ಕವರೂ ಇದ್ದಿರಬಹುದು. ಆದರೆ ಅವರು ಎತ್ತಿ ತೋರಿಸಿದ್ದು ದೊಡ್ಡ ವಿಷಯ. ಗಾಲಿ ಸಲೀಸಾಗಿ ತಿರುಗದಿದ್ದರೆ, ನೊಗ ಸರಿಯಾಗಿ ಕೂರದಿದ್ದರೆ, ಅದರ ಬೆಲೆ ತೆರುವುದು ಎತ್ತಿನ ಹೆಗಲು. ಒಣಗಿದ ಅಚ್ಚು ತಿನ್ನುವುದು ಕಬ್ಬಿಣವನ್ನಷ್ಟೇ ಅಲ್ಲ, ಎಳೆಯುವವರ ಶಕ್ತಿಯನ್ನೂ ತಿನ್ನುತ್ತದೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗ ಆ ಲೆಕ್ಕ ಡೀಸೆಲ್ಲಿಗೆ ಬಂತು, ಅಷ್ಟೇ.

ನಾಲ್ಕು ಸಾವಿರ ವರ್ಷದ ಹಿಂದೆ ನೀರು ಸುರಿದವನು

ಜಾರಿಸುವ ವಿದ್ಯೆಗೆ ಸಿಗುವ ಹಳೆಯ ಚಿತ್ರಗಳಲ್ಲಿ ಒಂದು ಈಜಿಪ್ಟಿನದು. ಸುಮಾರು 3,900 ವರ್ಷದ ಹಿಂದೆ ಅಲ್ಲಿ ಜೆಹುತಿಹೋತೆಪ್ ಎಂಬ ಅಧಿಕಾರಿ ಇದ್ದ. ಅವನ ಸಮಾಧಿಯ ಗೋಡೆಯ ಮೇಲೆ ಅವನದೇ ದೊಡ್ಡ ಪ್ರತಿಮೆಯನ್ನು ಮರದ ಜಾರುಬಂಡಿಯ ಮೇಲಿಟ್ಟು 172 ಜನ ಹಗ್ಗ ಹಿಡಿದು ಎಳೆಯುವ ಚಿತ್ರ ಇತ್ತು. ಪ್ರತಿಮೆಯ ಪಾದದ ಬಳಿ ನಿಂತ ಒಬ್ಬ ಮುಂದಿನ ಮರಳಿಗೆ ಏನನ್ನೋ ಸುರಿಯುತ್ತಿದ್ದಾನೆ.

ಬಹಳ ಕಾಲ ಅದನ್ನು ಪೂಜೆಯ ಶಾಸ್ತ್ರ ಎಂದೇ ಹಲವರು ಹೇಳಿದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಣ ಮರಳು, ಒದ್ದೆ ಮರಳು ಎರಡರ ಮೇಲೂ ಜಾರುಬಂಡಿ ಎಳೆದು ನೋಡಿದರು. ಮರಳಿಗೆ ಬೇಕಾದಷ್ಟೇ ನೀರು ಬಿದ್ದರೆ ಎಳೆಯಲು ಬೇಕಾದ ಬಲ ಅರ್ಧಕ್ಕೆ ಇಳಿಯಿತು. ಒಣ ಮರಳು ಬಂಡಿಯ ಮುಂದೆ ಗುಪ್ಪೆ ಕಟ್ಟುತ್ತದೆ, ಹದವಾಗಿ ಒದ್ದೆಯಾದ ಮರಳು ಗಟ್ಟಿ ನೆಲದಂತೆ ನಿಲ್ಲುತ್ತದೆ. ನೀರು ಹೆಚ್ಚಾದರೆ ಮತ್ತೆ ಕಷ್ಟ. ಹದ ಮುಖ್ಯ ಎಂಬುದು ಗ್ರೀಸಿನ ವಿಷಯದಲ್ಲೂ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕೊಂಡಿ, ಗ್ರೀಸ್ ಎರಡನ್ನೂ ಕೊಟ್ಟ ಒಬ್ಬನೇ ಮನುಷ್ಯ

ಒಂದರ ಹಿಂದೆ ಒಂದು ವಾಹನ ಕಟ್ಟಿ ವೇಗವಾಗಿ ಎಳೆಯುವ ಕಷ್ಟ ದೊಡ್ಡದಾಗಿ ಎದುರಾದದ್ದು ರೈಲಿನಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ 1830ರಲ್ಲಿ ಶುರುವಾಯಿತು. ಆಗ ಗಾಡಿಗಳನ್ನು ಬರೀ ಸರಪಳಿಯಿಂದ ಕಟ್ಟುತ್ತಿದ್ದರು. ಹೊರಡುವಾಗ ಸರಪಳಿ ಬಿಗಿಯಾಗಿ ಒಂದೊಂದೇ ಗಾಡಿ ಧಡಕ್ಕನೆ ಜಗ್ಗುತ್ತಿತ್ತು. ನಿಲ್ಲುವಾಗ ಒಂದಕ್ಕೊಂದು ಡಿಕ್ಕಿ. ಒಳಗೆ ಕೂತವರು ಮುಗ್ಗರಿಸುತ್ತಿದ್ದರು.

ಆ ಕಂಪನಿಯ ಕಾರ್ಯದರ್ಶಿ ಹೆನ್ರಿ ಬೂತ್ ಎಂಬವನು ಇದಕ್ಕೆ ಸ್ಕ್ರೂ ಕೊಂಡಿ ಮಾಡಿದ. ಎರಡು ಬಳೆಗಳ ನಡುವೆ ಒಂದು ತಿರುಪು. ಗಾಡಿಗಳನ್ನು ಸೇರಿಸಿ ತಿರುಪು ಬಿಗಿ ಮಾಡಿದರೆ ನಡುವೆ ಸಡಿಲ ಉಳಿಯುವುದಿಲ್ಲ, ಜಗ್ಗಾಟ ಇರುವುದಿಲ್ಲ. ಅದೇ ಬೂತ್ ಗಾಡಿಯ ಅಚ್ಚಿಗೆ ಹಚ್ಚುವ ಗ್ರೀಸನ್ನೂ ಮಾಡಿ 1835ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ಪ್ರಾಣಿ ಕೊಬ್ಬು, ತಾಳೆ ಎಣ್ಣೆ, ಸೋಡಾ, ನೀರು ಇದ್ದವು. ಕೊಬ್ಬಿಗೆ ಸೋಡಾ ಸೇರಿದರೆ ಸೋಪಾಗುತ್ತದೆ ಎಂಬುದು ನಿಮಗೆ ಗೊತ್ತು. ಹೌದು, ಗ್ರೀಸ್ ಎಂದರೆ ಎಣ್ಣೆಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ಸೋಪು. ಸ್ಪಂಜು ನೀರು ಹಿಡಿದಂತೆ ಸೋಪು ಎಣ್ಣೆ ಹಿಡಿಯುತ್ತದೆ. ಒತ್ತಡ ಬಿದ್ದಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಬೂತನ ಸ್ಕ್ರೂ ಕೊಂಡಿಯ ವಂಶ ಇಂದಿಗೂ ಬದುಕಿದೆ. ನಮ್ಮ ಹಳೆಯ ನೀಲಿ ರೈಲು ಬೋಗಿಗಳ ನಡುವೆ, ಎರಡು ದುಂಡನೆಯ ಬಫರ್‌ಗಳ ಮಧ್ಯೆ ತಿರುಪು ಹಾಕಿದ ಕೊಂಡಿ ಇರುತ್ತದೆ. ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರಂ ಮೇಲೆ ನಿಂತೇ ಗಮನಿಸಿ.

ಬೆರಳು ತಿಂದ ಕೊಂಡಿ, ಬೆನ್ನು ಹತ್ತಿದ ರೈತ

ಅಮೆರಿಕದ ರೈಲಿನವರು ಹಿಡಿದ ದಾರಿ ಬೇರೆ. ಅವರದು ಬಳೆ-ಪಿನ್ನು ಕೊಂಡಿ. ಒಂದು ಗಾಡಿಯಿಂದ ಚಾಚಿದ ಕಬ್ಬಿಣದ ಬಳೆ ಇನ್ನೊಂದು ಗಾಡಿಯ ಬಾಯೊಳಗೆ ಹೋಗಬೇಕು, ಮೇಲಿನಿಂದ ಪಿನ್ನು ಇಳಿಸಬೇಕು. ನಮ್ಮ ಟ್ರ್ಯಾಕ್ಟರ್ ಟ್ರೇಲರಿನದೂ ಇದೇ ವಿಧಾನ ಎಂದು ನಿಮಗೆ ಈಗಾಗಲೇ ಹೊಳೆದಿರಬೇಕು.

ತೊಂದರೆ ಏನೆಂದರೆ, ಗಾಡಿ ಹಿಂದಕ್ಕೆ ಬರುತ್ತಿರುವಾಗಲೇ ಒಬ್ಬ ಮನುಷ್ಯ ಎರಡರ ನಡುವೆ ನಿಂತು ಬಳೆಯನ್ನು ಕೈಯಲ್ಲಿ ಎತ್ತಿ ಹಿಡಿಯಬೇಕಿತ್ತು. ಕ್ಷಣ ತಡವಾದರೆ ಬೆರಳು ಹೋಯಿತು. ಕಾಲು ಜಾರಿದರೆ ಜೀವ. ಈ ಕೆಲಸದವರನ್ನು ಬ್ರೇಕ್‌ಮನ್ ಎನ್ನುತ್ತಿದ್ದರು. ಬೆರಳಿಲ್ಲದ ಕೈ ನೋಡಿಯೇ ಇವನು ಹಳಬ ಎಂದು ಗುರುತಿಸುವಷ್ಟು ಅದು ಸಾಮಾನ್ಯವಾಗಿತ್ತು. ಪ್ರತಿ ವರ್ಷ ಸಾವಿರಾರು ಜನ ಗಾಯಗೊಳ್ಳುತ್ತಿದ್ದರು. ಜಾಗರೂಕತೆ ಸಾಲದು, ತಪ್ಪು ಅವರದೇ ಎಂದು ಕಂಪನಿಗಳು ಕೈ ತೊಳೆದುಕೊಳ್ಳುತ್ತಿದ್ದವು.

1873ರಲ್ಲಿ ಈಲೈ ಜಾನಿ ಎಂಬವನು ಹೊಸ ಕೊಂಡಿಗೆ ಪೇಟೆಂಟ್ ಪಡೆದ. ಎರಡು ಕೈಗಳ ಬೆರಳುಗಳನ್ನು ಮಡಚಿ ಒಂದಕ್ಕೊಂದು ಸಿಕ್ಕಿಸಿದಂತೆ ಅದರ ರೂಪ. ಗಾಡಿಗಳು ಮೆಲ್ಲಗೆ ತಾಗಿದರೆ ಸಾಕು, ತಾನೇ ಬೀಗ ಬೀಳುತ್ತದೆ. ನಡುವೆ ಯಾರೂ ನಿಲ್ಲಬೇಕಾಗಿಲ್ಲ. ಆದರೆ ಕಂಪನಿಗಳು ಖರ್ಚು ನೋಡಿ ಹಿಂದೇಟು ಹಾಕಿದವು.

ಇಲ್ಲಿ ಕಥೆಗೆ ಒಬ್ಬ ರೈತ ಬರುತ್ತಾನೆ. ಅಯೋವಾ ರಾಜ್ಯದ ಲೊರೆಂಜೊ ಕಾಫಿನ್. 1874ರಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಬೋಗಿ ಜೋಡಿಸುವ ಕೆಲಸದವನೊಬ್ಬನ ಎರಡು ಬೆರಳು ಜಜ್ಜಿ ಹೋದದ್ದನ್ನು ಅವನು ಕಣ್ಣಾರೆ ಕಂಡ. ಆಗ ಅವನಿಗೆ ಐವತ್ತು ದಾಟಿತ್ತು. ರೈಲ್ವೆಗೂ ಅವನಿಗೂ ಸಂಬಂಧ ಇರಲಿಲ್ಲ. ಆದರೂ ಬಿಡಲಿಲ್ಲ. ಪತ್ರ ಬರೆದ, ಸಭೆ ಸಭೆಗೆ ಹೋಗಿ ಮಾತಾಡಿದ, ರೈಲ್ವೆ ಅಧಿಕಾರಿಗಳ ಸಮ್ಮೇಳನಗಳಿಗೆ ನುಗ್ಗಿ ಕೇಳಿದ. 1883ರಲ್ಲಿ ಅಯೋವಾದ ರೈಲ್ವೆ ಕಮಿಷನರ್ ಆದ. ಮೊದಲು ತನ್ನ ರಾಜ್ಯದಲ್ಲಿ ಕಾನೂನು ತರಿಸಿದ. ಆಮೇಲೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಇಡೀ ದೇಶಕ್ಕೆ ಅನ್ವಯಿಸುವ ರೈಲು ಸುರಕ್ಷಾ ಕಾಯ್ದೆಗೆ ಸಹಿ ಹಾಕಿದರು. ಮನುಷ್ಯ ಗಾಡಿಗಳ ನಡುವೆ ಹೋಗದೆಯೇ ಕೊಂಡಿ ಬೀಳಬೇಕು ಎಂಬುದು ಅದರ ತಿರುಳು. ಕಾಯ್ದೆ ಪೂರ್ತಿ ಜಾರಿಯಾಗಲು 1900 ಬಂತು. ಕೊಂಡಿ ಹಾಕುವಾಗ ಆಗುತ್ತಿದ್ದ ಸಾವುನೋವು ಆಮೇಲೆ ಬಹಳ ಇಳಿಯಿತು.

ಒಬ್ಬ ರೈತ ಹತ್ತೊಂಬತ್ತು ವರ್ಷ ಬೆನ್ನು ಹತ್ತಿದ್ದರಿಂದ ರೈಲಿನ ಕೊಂಡಿ ಬದಲಾಯಿತು. ನಮ್ಮ ಹೊಲಗಳಲ್ಲಿ ಹಳೆಯ ಬಳೆ-ಪಿನ್ನು ಹಾಗೇ ಉಳಿದಿದೆ. ಟ್ರ್ಯಾಕ್ಟರ್ ರಿವರ್ಸ್ ಬರುತ್ತಿರುವಾಗ ಹುಡುಗನೊಬ್ಬ ನಡುವೆ ನಿಂತು, ಒಂದು ಕೈಯಲ್ಲಿ ಟ್ರೇಲರಿನ ಮೂತಿ ಎತ್ತಿ, ಇನ್ನೊಂದು ಕೈಯಲ್ಲಿ ಪಿನ್ನು ಹಿಡಿದು "ಬರ್ಲಿ, ಬರ್ಲಿ" ಎನ್ನುವುದನ್ನು ಯಾರು ನೋಡಿಲ್ಲ?

ಎಣ್ಣೆ ಡಬ್ಬಿಯಿಂದ ನಿಪ್ಪಲ್‌ಗೆ

ರೈಲಿನ ಕಾಲದಲ್ಲಿ ಎಂಜಿನ್ನಿಗೆ ಎಣ್ಣೆ ಹಾಕಲು ಆಗಾಗ ಗಾಡಿ ನಿಲ್ಲಿಸಬೇಕಿತ್ತು. ಅಮೆರಿಕದ ಮಿಶಿಗನ್‌ನಲ್ಲಿ ಆ ಕೆಲಸ ಮಾಡುತ್ತಿದ್ದವನು ಎಲೈಜಾ ಮೆಕಾಯ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ದಂಪತಿಯ ಮಗ. ಸ್ಕಾಟ್ಲೆಂಡಿನಲ್ಲಿ ಎಂಜಿನಿಯರಿಂಗ್ ಕಲಿತು ಬಂದಿದ್ದ. ಆದರೆ ಬಣ್ಣದ ಕಾರಣಕ್ಕೆ ಅವನಿಗೆ ಸಿಕ್ಕಿದ್ದು ಕಲ್ಲಿದ್ದಲು ಎಸೆಯುವ, ಎಣ್ಣೆ ಬಿಡುವ ಕೆಲಸ. ಆ ಕೆಲಸದಲ್ಲೇ ಇದ್ದು, ಎಂಜಿನ್ ಓಡುತ್ತಿರುವಾಗಲೇ ತಾನಾಗಿ ಎಣ್ಣೆ ತೊಟ್ಟಿಕ್ಕುವ ಸಾಧನ ಮಾಡಿ 1872ರಲ್ಲಿ ಪೇಟೆಂಟ್ ಪಡೆದ.

ಇಷ್ಟರಲ್ಲಿ 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾವಿ ಕೊರೆದು ಕಲ್ಲೆಣ್ಣೆ ತೆಗೆದಿದ್ದರು. ನಮ್ಮಲ್ಲಿ ಅಸ್ಸಾಮಿನ ದಿಗ್ಬೋಯ್‌ನಲ್ಲಿ ಎಣ್ಣೆ ಸಿಕ್ಕು, 1901ರಲ್ಲಿ ಅಲ್ಲೇ ಶುದ್ಧೀಕರಣ ಘಟಕ ಶುರುವಾಯಿತು. ಕೊಬ್ಬು, ತಾಳೆ ಎಣ್ಣೆಗಳ ಜಾಗಕ್ಕೆ ಭೂಮಿಯೊಳಗಿನ ಎಣ್ಣೆ ಬಂತು.

ಆದರೂ ಹರಳೆಣ್ಣೆ ಸೋಲಲಿಲ್ಲ. ಮೊದಲ ಮಹಾಯುದ್ಧದ ಬಹಳಷ್ಟು ವಿಮಾನಗಳ ಎಂಜಿನ್ನಿಗೆ ಹಾಕುತ್ತಿದ್ದದ್ದು ಹರಳೆಣ್ಣೆಯನ್ನೇ. ಬೈಕಿಗೆ ಹಾಕಿಸುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಅದರ ಮೊದಲ ಎಣ್ಣೆಗಳಲ್ಲಿ ಹರಳೆಣ್ಣೆ ಬೆರೆತಿತ್ತು.

ಕಾರು, ಲಾರಿ ಬಂದ ಮೇಲೆ ಹೊಸ ತಲೆನೋವು. ನೂರಾರು ಕೀಲುಗಳ ಒಳಗೆ ಗ್ರೀಸ್ ತುಂಬುವುದು ಹೇಗೆ? ಮೊದಲೆಲ್ಲ ಸಣ್ಣ ಬಟ್ಟಲಿನಂಥ ಮುಚ್ಚಳ ತಿರುಗಿಸಿ ಒತ್ತುತ್ತಿದ್ದರು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆಸ್ಕರ್ ಜರ್ಕ್ ಎಂಬವನು 1920ರ ದಶಕದಲ್ಲಿ ಸಣ್ಣ ನಿಪ್ಪಲ್ ರೂಪಿಸಿದ. ಒಳಗೆ ಒಂದು ಸಣ್ಣ ಗುಂಡು, ಹಿಂದೆ ಒಂದು ಸ್ಪ್ರಿಂಗ್. ಗ್ರೀಸ್ ಗನ್ನಿನಿಂದ ಒತ್ತಿದರೆ ಗುಂಡು ಹಿಂದೆ ಸರಿದು ಗ್ರೀಸ್ ಒಳಕ್ಕೆ ಹೋಗುತ್ತದೆ. ಒತ್ತುವುದು ನಿಂತರೆ ಗುಂಡು ಬಾಯಿ ಮುಚ್ಚುತ್ತದೆ, ಮಣ್ಣು ಒಳಗೆ ಹೋಗುವುದಿಲ್ಲ. ನಿಮ್ಮ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿನಲ್ಲಿ, ನಾಲ್ಕು ಚಕ್ರದ ಟ್ರೇಲರಿನ ಟರ್ನ್‌ಟೇಬಲ್ಲಿನಲ್ಲಿ ಇರುವ ಮೊಲೆತೊಟ್ಟಿನಂಥ ಭಾಗ ಅದೇ.

ಇನ್ನು ಗ್ರೀಸಿನೊಳಗಿನ ಸೋಪು. ಸುಣ್ಣದ ಸೋಪಿನ ಗ್ರೀಸ್ ನೀರಿಗೆ ಜಗ್ಗುತ್ತಿರಲಿಲ್ಲ, ಆದರೆ ಬಿಸಿಗೆ ಕರಗುತ್ತಿತ್ತು. ಸೋಡಾ ಸೋಪಿನದು ಬಿಸಿ ತಡೆಯುತ್ತಿತ್ತು, ನೀರಿಗೆ ತೊಳೆದು ಹೋಗುತ್ತಿತ್ತು. ಎರಡನ್ನೂ ತಡೆಯುವ ಲಿಥಿಯಂ ಸೋಪಿನ ಗ್ರೀಸ್ ಬಂದದ್ದು 1940ರ ದಶಕದಲ್ಲಿ. ಈಗ ಅಂಗಡಿಯಲ್ಲಿ ಸಿಗುವ ಮಲ್ಟಿ ಪರ್ಪಸ್ ಗ್ರೀಸಿನಲ್ಲಿ ಹೆಚ್ಚಿನದು ಅದೇ. ಆ ಲಿಥಿಯಂ ಸೋಪು ಮಾಡಲು ಬೇಕಾಗುವ ಮುಖ್ಯ ಕೊಬ್ಬಿನ ಆಮ್ಲ ತಯಾರಾಗುವುದು ಹರಳೆಣ್ಣೆಯಿಂದ! ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶವೂ ನಮ್ಮದೇ, ಅದರಲ್ಲೂ ಗುಜರಾತ್. ಅಜ್ಜ ಅಚ್ಚಿಗೆ ಬಳಿದ ಹರಳೆಣ್ಣೆ ರೂಪ ಬದಲಿಸಿಕೊಂಡು ಮೊಮ್ಮಗನ ಗ್ರೀಸ್ ಡಬ್ಬಿಯಲ್ಲಿ ಕೂತಿದೆ.

ಗುಂಡಿನ ತಲೆಯ ಕೊಂಡಿ

ಬಳೆ-ಪಿನ್ನಿನಲ್ಲಿ ಸಡಿಲ ಬೇಕೇ ಬೇಕು. ಬಳೆಯ ತೂತು ಪಿನ್ನಿಗಿಂತ ದೊಡ್ಡದಿರದಿದ್ದರೆ ಹಳ್ಳ ದಿಣ್ಣೆಯಲ್ಲಿ ಟ್ರೇಲರ್ ವಾಲುವಾಗ ಕಬ್ಬಿಣವೇ ಮುರಿದೀತು. ಆದರೆ ಆ ಸಡಿಲದಿಂದಲೇ ಪ್ರತಿ ಸಲ ಬ್ರೇಕ್ ಹಾಕಿದಾಗ, ಕ್ಲಚ್ ಬಿಟ್ಟಾಗ ಸುತ್ತಿಗೆಯಿಂದ ಹೊಡೆದಂತೆ ಏಟು ಬೀಳುತ್ತದೆ.

ಇದಕ್ಕೆ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1934ರಲ್ಲಿ ಕಾರುಗಳಿಗಾಗಿ ಗುಂಡಿನ ತಲೆಯ ಕೊಂಡಿ ತಂದಿತು. ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು, ಟ್ರೇಲರಿನ ಮೂತಿಯಲ್ಲಿ ಅದನ್ನು ಅಪ್ಪಿಕೊಳ್ಳುವ ಬಟ್ಟಲು. ನಮ್ಮ ತೊಡೆಯ ಮೂಳೆ ಸೊಂಟದಲ್ಲಿ ಕೂತಿರುವುದೂ ಹೀಗೇ. ಎಡಬಲಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಬಾಗುತ್ತದೆ, ವಾಲುತ್ತದೆ, ಆದರೂ ಸಡಿಲವಿಲ್ಲ.

ಇಂದು ಯುರೋಪಿನಲ್ಲಿ ಕಾರಿನ ಕೊಂಡಿ ಗುಂಡಿನ ಅಳತೆ 50 ಮಿ.ಮೀ. ಅಮೆರಿಕದಲ್ಲಿ ಹೆಚ್ಚು ಬಳಕೆಯದು 2 ಇಂಚು, ಅಂದರೆ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ 2 ಇಂಚಿನ ಬಟ್ಟಲಿಗೆ ಸವೆದ 50 ಮಿ.ಮೀ. ಗುಂಡು ಹಾಕಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಟ್ರೇಲರ್ ಕಳಚಿಕೊಳ್ಳುವ ಅಪಾಯ ಇದೆ. ಅದಕ್ಕೇ ಅಲ್ಲಿಯವರು ಗುಂಡನ್ನು ಅಳೆದು ನೋಡುತ್ತಾರೆ, ಸವೆದಿದ್ದರೆ ಬದಲಿಸುತ್ತಾರೆ. ಒರೆಸಿ ತೆಳ್ಳಗೆ ಗ್ರೀಸ್ ಹಚ್ಚುತ್ತಾರೆ, ಬಳಸದಿದ್ದಾಗ ಮೇಲೆ ಟೋಪಿ ಮುಚ್ಚುತ್ತಾರೆ. ಟೋಪಿ ಕೊಳ್ಳಲು ಮನಸ್ಸಿಲ್ಲದವರು ಹಳೆಯ ಟೆನಿಸ್ ಚೆಂಡನ್ನು ಸೀಳಿ ಸಿಕ್ಕಿಸುತ್ತಾರೆ.

ಒಂದು ವಿನಾಯಿತಿ ಇದೆ. ಯುರೋಪಿನ ಕೆಲವು ಟ್ರೇಲರುಗಳ ಬಟ್ಟಲಿನಲ್ಲಿ ಬ್ರೇಕ್ ಪ್ಯಾಡಿನಂಥ ತುಂಡುಗಳಿರುತ್ತವೆ. ಟ್ರೇಲರ್ ಹಾವಿನಂತೆ ಹೊಯ್ದಾಡದಿರಲಿ ಎಂದು ಅವು ಗುಂಡನ್ನು ಒತ್ತಿ ಹಿಡಿಯುತ್ತವೆ. ಅಂಥದ್ದಕ್ಕೆ ಗ್ರೀಸ್ ಹಚ್ಚಿದರೆ ಹಿಡಿತವೇ ಹೋಗುತ್ತದೆ. ಹಾಗಾಗಿ ತಯಾರಕರ ಪುಸ್ತಕ ಏನು ಹೇಳುತ್ತದೆ ಎಂದು ನೋಡದೆ ಎಲ್ಲದಕ್ಕೂ ಗ್ರೀಸ್ ಬಳಿಯುವುದೂ ತಪ್ಪು.

ಟ್ರ್ಯಾಕ್ಟರಿಗೂ ಗುಂಡಿನ ಕೊಂಡಿ ಬಂದಿದೆ. ಜರ್ಮನಿ, ಆಸ್ಟ್ರಿಯಾ ಕಡೆ 80 ಮಿ.ಮೀ. ಗುಂಡಿನ ಕೊಂಡಿಯಲ್ಲಿ ದೊಡ್ಡ ದೊಡ್ಡ ಟ್ರೇಲರ್, ಗೊಬ್ಬರದ ಟ್ಯಾಂಕರ್ ಎಳೆಯುತ್ತಾರೆ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿದ್ದು ಯಾಕೆ?

1917ರಲ್ಲಿ ಹೆನ್ರಿ ಫೋರ್ಡ್ ಕಂಪನಿಯ ಫೋರ್ಡ್‌ಸನ್ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಅಗ್ಗವಾಗಿತ್ತು, ಚೆನ್ನಾಗಿ ಮಾರಾಟವಾಯಿತು. ಆದರೆ ಹಿಂದೆ ಎಳೆಯುತ್ತಿದ್ದ ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಚಕ್ರ ನಿಂತು, ಎಂಜಿನ್ನಿನ ಬಲಕ್ಕೆ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಡ್ರೈವರ್ ಮೇಲೆ ಮಗುಚಿಕೊಳ್ಳುತ್ತಿತ್ತು. ಹಲವರು ಸತ್ತರು.

ಉತ್ತರ ಐರ್ಲೆಂಡಿನ ರೈತರ ಮಗ ಹ್ಯಾರಿ ಫರ್ಗ್ಯುಸನ್ ಇದನ್ನು ಕೊಂಡಿಯ ಸಮಸ್ಯೆ ಎಂದೇ ನೋಡಿದ. ನೇಗಿಲನ್ನು ಹಿಂದೆ ಎಳೆಯುವ ಬದಲು ಮೂರು ಕಡೆ ಹಿಡಿದು ಟ್ರ್ಯಾಕ್ಟರಿನ ಅಂಗವೇ ಮಾಡಿದರೆ? 1926ರಲ್ಲಿ ಅವನು ಪೇಟೆಂಟ್ ಪಡೆದ ಆ ವ್ಯವಸ್ಥೆಯೇ ಇಂದು ನಮ್ಮ ಎಲ್ಲ ಟ್ರ್ಯಾಕ್ಟರುಗಳ ಹಿಂದಿರುವ ತ್ರೀ ಪಾಯಿಂಟ್ ಲಿಂಕೇಜ್. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಬೂದುಬಣ್ಣದ ಟಿಇ-20 ಟ್ರ್ಯಾಕ್ಟರ್ ಹತ್ತು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಹೊರಬಂತು.

ಟ್ರೇಲರಿಗೂ ಅವನು ಬುದ್ಧಿ ಓಡಿಸಿದ. ಟ್ರೇಲರಿನ ಚಕ್ರಗಳನ್ನು ಹಿಂದಕ್ಕೆ ಸರಿಸಿ, ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹಿಂಚಕ್ರಗಳ ಮೇಲೆ ಬೀಳುವಂತೆ ಮಾಡಿದ. ಚಕ್ರ ಜಾರದೆ ನೆಲ ಹಿಡಿಯಿತು. ಕೊಂಡಿಯನ್ನು ಕೆಳಗಡೆ ಇಟ್ಟ, ಅದಕ್ಕೆ ಹೈಡ್ರಾಲಿಕ್ ಹುಕ್ಕು ಕೊಟ್ಟ. ಡ್ರೈವರ್ ಸೀಟಿನಿಂದ ಇಳಿಯದೆ, ಯಾರನ್ನೂ ನಡುವೆ ನಿಲ್ಲಿಸದೆ ಟ್ರೇಲರ್ ಎತ್ತಿಕೊಳ್ಳಬಹುದಿತ್ತು.

ಕೊಂಡಿ ಕೆಳಗಿರಬೇಕು ಎಂಬುದು ಇಲ್ಲಿನ ದೊಡ್ಡ ಪಾಠ. ಎತ್ತರದಲ್ಲಿ, ಟಾಪ್ ಲಿಂಕ್ ಸಿಕ್ಕಿಸುವ ಜಾಗಕ್ಕೆ ಹಗ್ಗವನ್ನೋ ಸರಪಳಿಯನ್ನೋ ಕಟ್ಟಿ ಕೆಸರಲ್ಲಿ ಹೂತ ಗಾಡಿ ಎಳೆದರೆ ಫೋರ್ಡ್‌ಸನ್ನಿಗೆ ಆದದ್ದೇ ಇಂದಿನ ಟ್ರ್ಯಾಕ್ಟರಿಗೂ ಆಗುತ್ತದೆ.

ನಮ್ಮೂರಿಗೆ ಬಂದ ಮೇಲೆ

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್‌ನಿಂದ ಶುರುವಾಯಿತು. ಮುಂದಿನ ವರ್ಷ ಮದರಾಸಿನಲ್ಲಿ ಟ್ಯಾಫೆ ಹುಟ್ಟಿ, ಮ್ಯಾಸ್ಸಿ ಫರ್ಗ್ಯುಸನ್ ಹೆಸರಿನ ಮೂಲಕ ಆ ಐರಿಷ್ ರೈತನ ಮಗನ ಹೆಸರು ನಮ್ಮ ಹೊಲಗಳಿಗೂ ಬಂತು. ದೊಡ್ಡಬಳ್ಳಾಪುರದಲ್ಲೂ ಟ್ಯಾಫೆಯ ಕಾರ್ಖಾನೆ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಎಚ್ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು.

1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಮೊದಲೆಲ್ಲ ಕಬ್ಬು ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಗಾಡಿಗೆ ಒಂದೇ ಕೀಲಿನ ಚಿಂತೆ. ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್ ಎಂದರೆ ಎರಡು ಕೊಂಡಿ, ಟರ್ನ್‌ಟೇಬಲ್ಲು, ಎಂಟು ಗಾಲಿಯ ಬೇರಿಂಗು. ಹೊರೆ ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚುತ್ತದೆ ಎಂದು ಫ್ರಾನ್ಸಿನ ಅಮೊಂಟನ್ 1699ರಲ್ಲೇ ಬರೆದಿಟ್ಟಿದ್ದ. ಹೊರೆ ಹತ್ತು ಪಟ್ಟು ಹೆಚ್ಚಿದಾಗ ಕೀಲಿನ ಕಾಳಜಿ ಮಾತ್ರ ಕಡಿಮೆಯಾಯಿತು. ಎತ್ತು ಏದುಸಿರು ಬಿಟ್ಟು ತಿಳಿಸುತ್ತಿತ್ತು. ಒಣಗಿದ ಕೊಂಡಿಯ ಕಿರುಗುಟ್ಟುವಿಕೆ ಎಂಜಿನ್ನಿನ ಸದ್ದಿನಲ್ಲಿ, ಸ್ಪೀಕರಿನ ಹಾಡಿನಲ್ಲಿ ಕೇಳಿಸುವುದೇ ಇಲ್ಲ.

ಇಷ್ಟು ಕಥೆಯಿಂದ ನಾವು ಎತ್ತಿಕೊಳ್ಳಬಹುದಾದ ಕೆಲಸಗಳು ಇವು:

- ಮೊದಲು ಒರೆಸಿ, ಆಮೇಲೆ ಹಚ್ಚಿ. ಹಳೆಯ ಗ್ರೀಸಿನಲ್ಲಿ ಮಣ್ಣು, ಮರಳು ಸೇರಿರುತ್ತದೆ. ಅದರ ಮೇಲೆ ಹೊಸದು ಬಳಿದರೆ ಸಾಣೆಕಲ್ಲಿನ ಪುಡಿ ಹಚ್ಚಿದಂತೆ. ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಲ್ಲಿ ಪಿನ್ನು, ಬಳೆ, ತೂತು ಮೂರನ್ನೂ ಒರೆಸಿ, ಒಣಗಿಸಿ.
- ತೆಳ್ಳಗೆ ಸಾಕು. ಕಬ್ಬಿಣ ಕಬ್ಬಿಣಕ್ಕೆ ತಾಗದಷ್ಟು ಒಂದು ಪದರ ಇದ್ದರೆ ಆಯಿತು. ಮುದ್ದೆ ಮುದ್ದೆ ಹಚ್ಚಿದರೆ ಧೂಳು ಹಿಡಿಯುತ್ತದೆ. ಸೀಸನ್ನಿನಲ್ಲಿ ವಾರಕ್ಕೊಮ್ಮೆ, ಮಳೆ ಅಥವಾ ಕೆಸರು ಆದಾಗ ಅಂದೇ.
- ಸುಟ್ಟ ಎಂಜಿನ್ ಆಯಿಲ್ ಬೇಡ. ಅದು ಸೋರಿ ಹೋಗುತ್ತದೆ. ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಚರ್ಮಕ್ಕೂ ಮಣ್ಣಿಗೂ ಕೆಟ್ಟದ್ದು.
- ಸವೆತ ನೋಡಿ. ಪಿನ್ನಿನ ನಡುಭಾಗ ಬೆರಳಲ್ಲಿ ಸವರಿದರೆ ಗಾಡಿ ಸಿಗುತ್ತದೆಯೇ? ಬಳೆಯ ತೂತು ಮೊಟ್ಟೆಯಂತೆ ಉದ್ದವಾಗಿದೆಯೇ? ವೆಲ್ಡಿಂಗ್ ಬಳಿ ಕೂದಲೆಳೆಯ ಬಿರುಕಿದೆಯೇ? ಇದ್ದರೆ ಗ್ರೀಸ್ ಅದನ್ನು ಮುಚ್ಚುತ್ತದೆ, ಸರಿ ಮಾಡುವುದಿಲ್ಲ. ಬದಲಿಸಿ.
- ಪಿನ್ನಿನ ಬದಲು ಕಂಬಿ ತುಂಡು ಹಾಕಬೇಡಿ. ಮನೆ ಕಟ್ಟುವ ಕಂಬಿಗೂ ಕೊಂಡಿಯ ಪಿನ್ನಿಗೂ ಉಕ್ಕು ಬೇರೆ. ಕ್ಲಿಪ್ಪಿನ ಜಾಗಕ್ಕೆ ಬೈಂಡಿಂಗ್ ವೈರ್ ಕೂಡ ಬೇಡ.
- ಸರಪಳಿ ಹಾಕಿ. ಪಿನ್ನು ಹೋದರೂ ಟ್ರೇಲರ್ ಎದುರು ಬರುವ ಬೈಕಿನ ಮೇಲೆ ಹೋಗದಂತೆ ಉಳಿಯುವ ಕೊನೆಯ ಆಸರೆ ಅದು.
- ನಡುವೆ ಯಾರೂ ನಿಲ್ಲಬಾರದು. ಟ್ರೇಲರಿನ ಮೂತಿಗೆ ಜಾಕ್ ಅಥವಾ ಸ್ಟ್ಯಾಂಡ್ ಕೊಟ್ಟು ಎತ್ತರ ಸರಿ ಮಾಡಿ. ಗಾಲಿಗೆ ಕಲ್ಲು ಕೊಡಿ. ಟ್ರ್ಯಾಕ್ಟರ್ ಪೂರ್ತಿ ನಿಂತು, ನ್ಯೂಟ್ರಲ್ ಆಗಿ, ಬ್ರೇಕ್ ಬಿದ್ದ ಮೇಲೆ ಪಿನ್ನು ಹಾಕಿ.

ಕೊನೆಯದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎರಡು ನಿಮಿಷ ತಾಳ್ಮೆ ಬೇಕು, ಅಷ್ಟೇ. ಆದರೆ ಎಲ್ಲಕ್ಕಿಂತ ಕಷ್ಟವಾಗಿರುವುದೂ ಅದೇ. ಫ್ಯಾಕ್ಟರಿಯ ಸರದಿ ತಪ್ಪುತ್ತದೆ ಎಂಬ ಅವಸರದಲ್ಲಿ ಓನರ್ ಕೂಗುತ್ತಾರೆ, ಡ್ರೈವರ್ ಹಿಂದೆ ನೋಡದೆ ರಿವರ್ಸ್ ಬಿಡುತ್ತಾನೆ, ನಡುವೆ ನಿಲ್ಲುವುದು ಬಹುತೇಕ ಕೂಲಿಗೆ ಬಂದ ಹುಡುಗ. ನೂರೈವತ್ತು ವರ್ಷದ ಹಿಂದೆ ಅಮೆರಿಕದ ರೈಲು ಕಂಪನಿಗಳೂ ತಪ್ಪು ಹುಡುಗರದೇ ಎಂದವು. ಕಾಫಿನ್ ಒಪ್ಪಲಿಲ್ಲ. ಕೊಂಡಿ ಹಾಕುವ ರೀತಿಯನ್ನೇ ಬದಲಿಸಿ ಎಂದ.

ನಿಮ್ಮ ಮನೆಯ ಟ್ರೇಲರಿಗೆ ಮುಂದಿನ ಸಲ ಪಿನ್ನು ಹಾಕುವ ಮುಂಚೆ ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿ. ಸವೆದಿದ್ದರೆ ಸಂತೆಗೆ ಹೋದಾಗ ಹೊಸದು ತನ್ನಿ, ಜೊತೆಗೆ ಒಂದು ಡಬ್ಬಿ ಗ್ರೀಸ್. ಪಿನ್ನು ಹಾಕಲು ನಿಂತ ಹುಡುಗನಿಗೆ, "ಗಾಡಿ ನಿಲ್ಲೋತನಕ ಆಚೆ ನಿಂತ್ಕೊಳಪ್ಪ" ಎಂದು ಹೇಳಿ.